ಕರಾವಳಿಯಲ್ಲಿ ಮನೆ ಕೊಳ್ಳುವ ಮೊದಲು: ಕಡಲು, ಹೊಳೆ, ಗುಡ್ಡ, ಬಾವಿ ಪರೀಕ್ಷಿಸುವ ಬಗೆ

ಕರಾವಳಿಯಲ್ಲಿ ಮಾರಾಟದ ಮನೆ ನೋಡಲು ಜನ ಹೆಚ್ಚಾಗಿ ಹೋಗುವುದು ನವೆಂಬರಿನಿಂದ ಫೆಬ್ರವರಿಯ ಒಳಗೆ. ಆಗ ಕಡಲು ಶಾಂತವಾಗಿರುತ್ತದೆ, ಬಾವಿಯಲ್ಲಿ ಸಿಹಿನೀರು ಇರುತ್ತದೆ, ಹಿತ್ತಲಿನ ತೋಡು ಹರಿಯುತ್ತಿದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗಿರುತ್ತದೆ. ಬೆಂಗಳೂರು, ಮುಂಬೈ, ದುಬೈಯಿಂದ ರಜೆಗೆ ಬಂದವರು ನೋಡುತ್ತಾರೆ, ಇಷ್ಟವಾಗುತ್ತದೆ, ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಆದರೆ ಅದೇ ಜಾಗ ಜುಲೈಯಲ್ಲಿ ಬೇರೆಯೇ ಆಗಿರುತ್ತದೆ, ಮೇ ತಿಂಗಳಲ್ಲಿ ಇನ್ನೂ ಬೇರೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಮಳೆಗಾಲದಲ್ಲೊಮ್ಮೆ, ಬೇಸಿಗೆಯ ಕೊನೆಯಲ್ಲೊಮ್ಮೆ ಆ ಜಾಗವನ್ನು ನೋಡದೆ ದೊಡ್ಡ ದುಡ್ಡು ಕೊಡಬೇಡಿ. ಒಂದು ವರ್ಷ ತಡವಾದರೂ ಪರವಾಗಿಲ್ಲ.

ಮಂಗಳೂರಿನಿಂದ ಕಾರವಾರದವರೆಗಿನ ಮೂರು ಜಿಲ್ಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಮನೆಯಲ್ಲೇ ಕೂತು ದಡದ ಹಳೆಯ ಚಿತ್ರ ನೋಡಿ

ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಹಾಕಿಕೊಳ್ಳಿ. ಅದರಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯ ಇದೆ, ಪುಕ್ಕಟೆ. ಕೊಳ್ಳಬೇಕೆಂದಿರುವ ಜಾಗದ ಹತ್ತಿರ ಕದಲದ ಒಂದು ಗುರುತು ಹಿಡಿಯಿರಿ. ದೇವಸ್ಥಾನ, ಹಳೆಯ ರಸ್ತೆಯ ತಿರುವು, ದೊಡ್ಡ ಬಾವಿ, ಯಾವುದಾದರೂ ಆಗುತ್ತದೆ. ಅಲ್ಲಿಂದ ಕಡಲ ಕಡೆಯ ಹಸಿರು ಮುಗಿಯುವ ಗೆರೆಯವರೆಗೆ ಎಷ್ಟು ಮೀಟರ್ ಅಂತ ಒಂದೊಂದು ವರ್ಷದ ಚಿತ್ರದಲ್ಲೂ ಅಳೆದು ಬರೆದುಕೊಳ್ಳಿ. ಮರಳಿನ ಅಂಚನ್ನು ಅಳೆಯಬೇಡಿ, ಅದು ಉಬ್ಬರ ಇಳಿತಕ್ಕೆ ತಕ್ಕಂತೆ ಗಂಟೆಗೊಮ್ಮೆ ಬದಲಾಗುತ್ತದೆ. ಇನ್ನೊಂದು ಮುಖ್ಯ ವಿಷಯ, ಒಂದೇ ತಿಂಗಳ ಆಸುಪಾಸಿನ ಚಿತ್ರಗಳನ್ನೇ ಹೋಲಿಸಿ. ನಮ್ಮ ದಡ ಮಳೆಗಾಲದಲ್ಲಿ ಕೊರೆದು ಹೋಗುತ್ತದೆ, ಅಕ್ಟೋಬರ್ ನಂತರ ಅಲೆಗಳೇ ಮರಳನ್ನು ವಾಪಸ್ ತಂದು ಹಾಕುತ್ತವೆ. ಸೆಪ್ಟೆಂಬರಿನ ಚಿತ್ರವನ್ನು ಫೆಬ್ರವರಿಯದರ ಪಕ್ಕ ಇಟ್ಟರೆ ದಡ ಬೆಳೆಯುತ್ತಿದೆ ಅಂತ ತಪ್ಪು ತಿಳಿಯುತ್ತೀರಿ.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ದಡದ ಬದಲಾವಣೆಯನ್ನು ಅಳೆದಿದೆ. ದೇಶದ ದಡದಲ್ಲಿ ಮೂರನೇ ಒಂದು ಭಾಗದಷ್ಟು ಕೊರೆತದಲ್ಲಿದೆ. ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ ಕಾಲು ಭಾಗ. ಅಂದರೆ ನಮ್ಮ ದಡದ ಬಹುಪಾಲು ಇನ್ನೂ ನಿಂತಿದೆ, ಕೆಲವು ಕಡೆ ಬೆಳೆದೂ ಇದೆ. ಕರಾವಳಿ ಪೂರ್ತಿ ಮುಳುಗುತ್ತದೆ ಅಂತ ಹೆದರಿ ಆಸೆ ಬಿಡಬೇಕಿಲ್ಲ, ನಿಮ್ಮ ಜಾಗ ಆ ಕಾಲು ಭಾಗದಲ್ಲಿ ಇದೆಯಾ ಅನ್ನುವುದನ್ನು ಮಾತ್ರ ಗಟ್ಟಿಮಾಡಿಕೊಳ್ಳಬೇಕು. ಕಡಲಿನ ಮಾಹಿತಿ, ಎಚ್ಚರಿಕೆ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇಂಕಾಯಿಸ್ ಕೂಡ ಇಡೀ ದೇಶದ ಕರಾವಳಿಯ ಅಪಾಯದ ನಕ್ಷೆ ಮಾಡಿದೆ. ದಡದ ಇಳಿಜಾರು, ಎತ್ತರ, ಅಲೆ, ಉಬ್ಬರ ಇವನ್ನೆಲ್ಲ ಸೇರಿಸಿ ಮಾಡಿದ್ದು. ಆದರೆ ಅದು ದೊಡ್ಡ ಅಳತೆಯ ನಕ್ಷೆ. ಊರಿನ ಮಟ್ಟಕ್ಕೆ ಸರಿ, ಹತ್ತು ಸೆಂಟ್ಸ್ ಜಾಗದ ತೀರ್ಮಾನಕ್ಕೆ ಸಾಲದು.

ಚಿತ್ರದಲ್ಲಿ ಎರಡು ಕಡೆ ಕಣ್ಣು ಜಾಸ್ತಿ ಇಡಿ. ಒಂದು ಅಳಿವೆ ಬಾಗಿಲು. ಹೊಳೆ ಕಡಲಿಗೆ ಸೇರುವ ಕಡೆ ಮರಳಿನ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಬೆಂಗ್ರೆ, ಕೋಡಿಬೆಂಗ್ರೆ, ಸಸಿಹಿತ್ಲು, ಹೊನ್ನಾವರದ ಪಾವಿನಕುರ್ವಾ ಇಂಥ ಕಡೆ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ನೋಡಲು ಅದಕ್ಕಿಂತ ಚಂದದ ಜಾಗ ಇಲ್ಲ, ಆದರೆ ತಲೆಮಾರಿನಿಂದ ಅಲ್ಲೇ ಇರುವ ಮೀನುಗಾರ ಕುಟುಂಬಗಳಿಗೆ ಗೊತ್ತಿರುವ ಎಚ್ಚರ ಹೊರಗಿನಿಂದ ಬಂದವರಿಗೆ ಇರುವುದಿಲ್ಲ. ಇನ್ನೊಂದು, ಕಲ್ಲಿನ ತಡೆಗೋಡೆ ಮುಗಿಯುವ ತುದಿ. ಗೋಡೆ ಕಟ್ಟಿದ ಕಡೆ ಅಲೆ ನಿಂತಂತೆ ಕಂಡರೂ ಅದರ ಹೊಡೆತ ಪಕ್ಕಕ್ಕೆ ಸರಿಯುತ್ತದೆ, ಮರಳಿನ ಓಡಾಟವೂ ತಪ್ಪುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ತಡೆ ಕಟ್ಟಿದ ಮೇಲೂ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿ ಕಡೆ ಕಡಲ್ಕೊರೆತ ನಿಂತಿಲ್ಲ. ಈಚಿನ ಮಳೆಗಾಲಗಳಲ್ಲಿ ಬಟ್ಟಪಾಡಿಯ ರಸ್ತೆಯೇ ಕೊಚ್ಚಿಹೋಯಿತು. "ಎದುರಿಗೆ ಗೋಡೆ ಉಂಟಲ್ಲ, ಏನೂ ಆಗುವುದಿಲ್ಲ" ಅಂತ ಬ್ರೋಕರ್ ಹೇಳಿದರೆ, ಇಲ್ಲಿ ಗೋಡೆ ಯಾಕೆ ಬೇಕಾಯಿತು, ಯಾವ ವರ್ಷ ಹಾಕಿದರು, ಆಮೇಲೆ ಎಷ್ಟು ಸಲ ಕಲ್ಲು ತುಂಬಿಸಿದರು ಅಂತ ಕೇಳಿ.

ಸಿಆರ್‌ಝಡ್ ಗೆರೆ ಎಲ್ಲಿ ಬರುತ್ತದೆ

ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ. ಈಗ ನಡೆಯುತ್ತಿರುವುದು 2019ರ ಅಧಿಸೂಚನೆ. ಕಡಲಿನ ದೊಡ್ಡ ಉಬ್ಬರ ಮುಟ್ಟುವ ಗೆರೆಯಿಂದ ಒಳಕ್ಕೆ 500 ಮೀಟರ್ ಈ ವಲಯಕ್ಕೆ ಸೇರುತ್ತದೆ. ಪೇಟೆಯಂತೆ ಬೆಳೆದ ಕಡೆಗಳು ಎರಡನೇ ವರ್ಗ. ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಸಾಲಿನಿಂದ ಒಳಬದಿಗೆ ಮಾತ್ರ ಕಟ್ಟಬಹುದು. ಹಳ್ಳಿ ಕಡೆಗಳು ಮೂರನೇ ವರ್ಗ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇದ್ದರೆ ಆ ಉಬ್ಬರದ ಗೆರೆಯಿಂದ 50 ಮೀಟರ್, ಕಡಿಮೆ ಇದ್ದರೆ 200 ಮೀಟರ್ ಏನೂ ಹೊಸದಾಗಿ ಕಟ್ಟಬಾರದ ಜಾಗ. ಅದರೊಳಗೆ ಹಳೆಯ ಅಧಿಕೃತ ಮನೆ ಇದ್ದರೆ ರಿಪೇರಿ ಮಾಡಬಹುದು, ಇದ್ದ ಅಳತೆಯಲ್ಲೇ ಮತ್ತೆ ಕಟ್ಟಬಹುದು, ದೊಡ್ಡದು ಮಾಡುವಂತಿಲ್ಲ. ಹಳೆ ಮನೆ ಕೆಡವಿ ಹೋಮ್‌ಸ್ಟೇ ಮಾಡುವ ಯೋಚನೆ ಇದ್ದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ತುಂಬಾ ಜನ ಮರೆಯುವುದು ಹೊಳೆಯನ್ನು. ಕಡಲಿನಿಂದ ನಾಲ್ಕೈದು ಕಿಲೋಮೀಟರ್ ಒಳಗಿದ್ದರೂ, ಉಬ್ಬರದ ಉಪ್ಪುನೀರು ಬರುವ ಹೊಳೆಯ ದಡವಾದರೆ ಅಲ್ಲೂ ಸಿಆರ್‌ಝಡ್ ಇದೆ. 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಸರ್ಕಾರಿ ಜಾಗದಲ್ಲಿ 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದ್ದರೆ ಅದರ ಸುತ್ತ 50 ಮೀಟರ್ ಕೂಡ ಅತಿ ಬಿಗಿ ವಲಯ.

ಮಾಡಬೇಕಾದ್ದು ಇಷ್ಟು. ಪಹಣಿಯಿಂದ ಸರ್ವೆ ನಂಬರ್ ತೆಗೆದುಕೊಳ್ಳಿ, ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಆ ನಂಬರಿನ ಗಡಿ ನೋಡಿ, ಜಾಗದಲ್ಲಿ ನಿಂತೇ ನೋಡಿದರೆ ಬ್ರೋಕರ್ ತೋರಿಸಿದ ಜಾಗವೂ ಕಾಗದದ ಜಾಗವೂ ಒಂದೇ ಹೌದಾ ಅಂತಲೂ ಗೊತ್ತಾಗುತ್ತದೆ. ಆಮೇಲೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ನಕ್ಷೆಯಲ್ಲಿ ಅದೇ ಸರ್ವೆ ನಂಬರ್ ಯಾವ ವಲಯದಲ್ಲಿದೆ ಹುಡುಕಿ. ಕೊನೆಗೆ ಜಿಲ್ಲೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಬಾಯಿಮಾತಿನ "ಆಗ್ತದೆ, ಮಾಡಬಹುದು" ಬೇಡ. ಪಂಚಾಯಿತಿ ಲೈಸೆನ್ಸ್ ಇದೆ, ಕನ್ವರ್ಷನ್ ಆಗಿದೆ, ಬ್ಯಾಂಕ್ ಸಾಲ ಕೊಟ್ಟಿದೆ ಅನ್ನುವುದೂ ಸಾಲದು. ಕೊಚ್ಚಿಯ ಮರಡುವಿನಲ್ಲಿ ಸ್ಥಳೀಯ ಸಂಸ್ಥೆಯ ಪರವಾನಗಿ ಇಟ್ಟುಕೊಂಡೇ ಅಪಾರ್ಟ್‌ಮೆಂಟ್ ಕಟ್ಟಿದ್ದರು. ಸಿಆರ್‌ಝಡ್ ಉಲ್ಲಂಘನೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು, 2020ರ ಜನವರಿಯಲ್ಲಿ ನಾಲ್ಕೂ ಕಟ್ಟಡ ಸಮುಚ್ಚಯಗಳನ್ನು ಸ್ಫೋಟಿಸಿ ಬೀಳಿಸಿದರು. ಅಲ್ಲಿ ಮನೆ ಕೊಂಡವರಲ್ಲಿ ಹೆಚ್ಚಿನವರು ಕಾಗದ ಸರಿ ಇದೆ ಅಂತಲೇ ನಂಬಿದ್ದರು.

ಜುಲೈಯಲ್ಲಿ ಹೋಗಿ, ಅದೂ ಅಮಾವಾಸ್ಯೆ ಅಥವಾ ಹುಣ್ಣಿಮೆಗೆ

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರಾಗಿರುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದ ಒಳಗೆ ಅಂಥ ಒಂದು ದಿನ ಆರಿಸಿಕೊಳ್ಳಿ. ಉಬ್ಬರದ ಹೊತ್ತು ಯಾವುದು ಅಂತ ಉಬ್ಬರ ಪಟ್ಟಿಯಲ್ಲಿ ನೋಡಿ, ಆ ಹೊತ್ತಿಗೆ ಒಂದು ಗಂಟೆ ಮೊದಲೇ ಜಾಗದಲ್ಲಿ ನಿಂತಿರಿ. ಮಳೆಯ ದಿನವಾದರೆ ಇನ್ನೂ ಒಳ್ಳೆಯದು.

ಏನು ನೋಡಬೇಕು? ಅಲೆ ಎಲ್ಲಿಯವರೆಗೆ ಬಂದು ಮುಟ್ಟುತ್ತದೆ. ತೆಂಗಿನ ಬುಡದ ಬೇರು ಹೊರಗೆ ಕಾಣುತ್ತಿದೆಯಾ, ಗಾಳಿಮರ ಕಡಲ ಕಡೆ ಬಾಗಿ ಬಿದ್ದಿದೆಯಾ. ಮನೆಗೆ ಬರುವ ರಸ್ತೆ ಒಣಗಿಯೇ ಇದೆಯಾ, ಯಾಕೆಂದರೆ ಮನೆ ಎತ್ತರದಲ್ಲಿದ್ದು ರಸ್ತೆ ಮುಳುಗಿದರೆ ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಆ ಎತ್ತರದಿಂದ ಏನೂ ಪ್ರಯೋಜನ ಇಲ್ಲ. ಮುಖ್ಯವಾಗಿ ತೋಡು ನೋಡಿ. ಮಳೆನೀರು ತೋಡಿನಲ್ಲಿ ಕಡಲಿಗೋ ಹೊಳೆಗೋ ಹೋಗಬೇಕು. ಉಬ್ಬರದ ಹೊತ್ತಿಗೆ ಕಡಲ ನೀರೇ ಎದುರು ನಿಂತರೆ ತೋಡು ಹಿಂದಕ್ಕೆ ತುಂಬುತ್ತದೆ. ಜೋರು ಮಳೆ ಮತ್ತು ದೊಡ್ಡ ಉಬ್ಬರ ಒಟ್ಟಿಗೆ ಬಂದ ದಿನವೇ ಮನೆಯೊಳಗೆ ನೀರು ಬರುವುದು.

ಕಡಲು ಕೆಡಲು ಚಂಡಮಾರುತ ನಮ್ಮ ದಡಕ್ಕೇ ಬಡಿಯಬೇಕಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲೇ ಉತ್ತರಕ್ಕೆ ಹೋಗಿ ಗುಜರಾತಿನಲ್ಲಿ ದಡ ಸೇರಿತು, ಆದರೂ ನಮ್ಮ ಮೂರೂ ಜಿಲ್ಲೆಗಳಲ್ಲಿ ಮನೆ, ರಸ್ತೆ, ದೋಣಿ ಹಾಳಾದವು. ಏಪ್ರಿಲ್, ಮೇ ತಿಂಗಳಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ಉದ್ದನೆಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡ ದಾಟುವುದುಂಟು. ಇಂಕಾಯಿಸ್ ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ನೀವು ನೋಡುತ್ತಿರುವ ಊರಿಗೆ ಅಂಥ ಎಚ್ಚರಿಕೆ ಬಂದ ದಿನ ಪರಿಚಯದವರಿಗೆ ಫೋನ್ ಮಾಡಿ ಒಂದು ವಿಡಿಯೊ ಕಳಿಸಲು ಹೇಳಿ.

ನೆರೆಕರೆಯವರ ಹತ್ತಿರ ಮಾತಾಡುವಾಗ "ಇಲ್ಲಿ ನೆರೆ ಬರುತ್ತದಾ" ಅಂತ ಕೇಳಬೇಡಿ. ಪಕ್ಕದ ಜಾಗದ ಬೆಲೆ ಬೀಳುತ್ತದೆ ಅಂತ ಇಲ್ಲ ಅನ್ನಬಹುದು. "2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು" ಅಂತ ಕೇಳಿ. ಹಟ್ಟಿಯ ದನಗಳನ್ನು ಯಾವ ವರ್ಷ ಬಿಚ್ಚಿ ಬಿಡಬೇಕಾಯಿತು, ದೋಣಿ ಯಾರ ಅಂಗಳಕ್ಕೆ ಬಂತು ಅಂತ ಕೇಳಿ. ವಯಸ್ಸಾದ ಅಮ್ಮಂದಿರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಹೊಳೆಯ ನೆರೆ ಮತ್ತು ಮಣ್ಣು ತುಂಬಿಸಿದ ಗದ್ದೆ

ನಾವೆಲ್ಲ ಕಡಲಿಗೆ ಹೆದರುತ್ತೇವೆ, ಆದರೆ ಕರಾವಳಿಯಲ್ಲಿ ಜಾಸ್ತಿ ಮನೆಗಳಿಗೆ ನೀರು ನುಗ್ಗುವುದು ಹೊಳೆ, ತೋಡುಗಳಿಂದ. 2018ರ ಮೇ 29ರಂದು ಮಂಗಳೂರು ಪೇಟೆ ಒಂದೇ ದಿನದ ಮಳೆಗೆ ಮುಳುಗಿತು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ದಡದ ಊರುಗಳು, 2020ರ ಸೆಪ್ಟೆಂಬರ್ 20ರಂದು ಉಡುಪಿ ಸುತ್ತಮುತ್ತ. ಈ ದಿನಗಳನ್ನು ನೆನಪಿಟ್ಟುಕೊಳ್ಳಿ, ಜಾಗದಲ್ಲಿ ಕೇಳಲು ಬೇಕಾಗುತ್ತದೆ. ಮೇಲೆ ಅಣೆಕಟ್ಟು ಇರುವ ಹೊಳೆಯಾದರೆ, ಉದಾಹರಣೆಗೆ ಕದ್ರಾ ಕೆಳಗಿನ ಕಾಳಿ, ಗೇಟ್ ತೆಗೆದಾಗ ಎಲ್ಲಿಯವರೆಗೆ ನೀರು ಬರುತ್ತದೆ ಅಂತಲೂ ಕೇಳಿ.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಅಂತ ಕರೆಯುವುದು ಎತ್ತರ ನೋಡಿ. ಬೈಲು ಎಲ್ಲಕ್ಕಿಂತ ತಗ್ಗು, ನೀರು ನಿಲ್ಲುವ ಗದ್ದೆ. ಈಗ ಅದೇ ಬೈಲಿಗೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ಸೈಟ್ ಮಾಡಿ ಮಾರುತ್ತಾರೆ. ಉತ್ತರ ಕನ್ನಡದಲ್ಲಿ ಗಜನಿ ಭೂಮಿ ಇದೆ, ಅಘನಾಶಿನಿಯ ಕೊನೆಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಗದ್ದೆಗಳು. ಉಬ್ಬರದ ನೀರು ಬಂದು ಹೋಗುವುದೇ ಅವುಗಳ ಸಹಜ ಸ್ಥಿತಿ. ಅಲ್ಲಿ ಮಣ್ಣು ತುಂಬಿಸಿ ಕಟ್ಟಿದ ಮನೆ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ ಅನ್ನುತ್ತೇನೆ. ತುಂಬಿಸಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಾ ಇರುತ್ತದೆ, ನಿಮ್ಮ ಜಾಗದಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಅದು ನ್ಯಾಯವೂ ಅಲ್ಲ.

ಪಹಣಿಯ ಹಳೆಯ ಪ್ರತಿಗಳನ್ನು ತೆಗೆಸಿ ನೋಡಿದರೆ ಮೊದಲು ಅಲ್ಲಿ ಏನು ಬೆಳೆಯುತ್ತಿದ್ದರು ಗೊತ್ತಾಗುತ್ತದೆ. ಗ್ರಾಮ ನಕ್ಷೆಯಲ್ಲಿ ತೋಡು ಗುರುತು ಮಾಡಿರುತ್ತಾರೆ. ನಕ್ಷೆಯಲ್ಲಿ ತೋಡು ಇದ್ದು ಜಾಗದಲ್ಲಿ ಇಲ್ಲ ಅಂದರೆ ಯಾರೋ ಮುಚ್ಚಿದ್ದಾರೆ, ಆ ನೀರು ಈಗ ಬೇರೆ ಕಡೆ ಹೋಗುತ್ತಿದೆ. ಹೆದ್ದಾರಿ 66 ಅಗಲ ಮಾಡುವಾಗ ಎತ್ತರ ಮಾಡಿದ ರಸ್ತೆ, ರೈಲ್ವೆ ಏರಿ, ಇವುಗಳ ಮೂಡು ಬದಿಯ ತಗ್ಗಿನಲ್ಲಿ ಮನೆ ಇದ್ದರೆ ಮೋರಿ ಎಷ್ಟು ಅಗಲ ಇದೆ, ಕಸ ಕಟ್ಟಿದೆಯಾ ಅಂತ ಇಳಿದು ನೋಡಿ.

ಎತ್ತರ ಅಳೆಯಲು ಮೊಬೈಲ್ ಆ್ಯಪ್ ನಂಬಬೇಡಿ, ಅದರಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಬರುತ್ತದೆ, ಇಲ್ಲಿ ಒಂದಡಿಯೇ ದೊಡ್ಡ ವ್ಯತ್ಯಾಸ. ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಟ್ಯೂಬ್ ಲೆವೆಲ್ ಇರುತ್ತದೆ. ಹಿಂದಿನ ನೆರೆಯ ಗುರುತು ಯಾವ ಗೋಡೆಯಲ್ಲಿ ಇದೆಯೋ ಅಲ್ಲಿಂದ ನಿಮ್ಮ ಮನೆಯ ಪಂಚಾಂಗದವರೆಗೆ, ಅಂದರೆ ಗೋಡೆ ಶುರುವಾಗುವ ಅಡಿಪಾಯದ ಮೇಲ್ಮಟ್ಟದವರೆಗೆ, ಮಟ್ಟ ಹಿಡಿಸಿ. ಪಂಚಾಂಗ ಆ ಗುರುತಿಗಿಂತ ಕನಿಷ್ಠ ಎರಡಡಿ ಮೇಲೆ ಇರಬೇಕು ಅನ್ನುವುದು ನನ್ನ ಲೆಕ್ಕ. 1993ರಿಂದ 2017ರವರೆಗೆ ಉತ್ತರ ಹಿಂದೂ ಮಹಾಸಾಗರದ ಮಟ್ಟ ವರ್ಷಕ್ಕೆ ಸುಮಾರು 3.3 ಮಿಲಿಮೀಟರಿನಂತೆ ಏರಿದೆ. ಇದೇ ವೇಗ ಇದ್ದರೂ ಮೂವತ್ತು ವರ್ಷಕ್ಕೆ ಹತ್ತು ಸೆಂಟಿಮೀಟರ್. ಕೇಳಲು ಕಡಿಮೆ, ಆದರೆ ಸಮತಟ್ಟಾದ ಬೈಲಿನಲ್ಲಿ ತೋಡಿನ ನೀರು ಇಳಿಯದೆ ನಿಲ್ಲಲು ಅಷ್ಟು ಸಾಕು.

ಗುಡ್ಡದ ಬುಡ

ಕಡಲೂ ಬೇಡ, ಹೊಳೆಯೂ ಬೇಡ ಅಂತ ಗುಡ್ಡದ ಕಡೆ ಹೋದರೆ ಅಲ್ಲಿನ ಅಪಾಯವೇ ಬೇರೆ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಮೆತ್ತಗಿನ ಶೇಡಿ ಮಣ್ಣು. ನೀರು ಕುಡಿದರೆ ಶೇಡಿಗೆ ಬಲ ಇಲ್ಲ. ಗುಡ್ಡವನ್ನು ನೇರವಾಗಿ ಕಡಿದು ಅದರ ಬುಡದಲ್ಲಿ ಮನೆ ಕಟ್ಟಿದ್ದರೆ, ಕಡಿದ ಮೈಯಲ್ಲಿ ಬಿಳಿ ಅಥವಾ ನಸುಗೆಂಪು ಶೇಡಿ ಕಾಣುತ್ತಿದ್ದರೆ, ಮೇಲೆ ಬಿರುಕು ಇದ್ದರೆ, ಮಳೆಗಾಲದಲ್ಲಿ ಕೆಸರು ನೀರು ಒಸರುತ್ತಿದ್ದರೆ ಆ ಮನೆ ಬಿಟ್ಟುಬಿಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ, ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ನಿಮ್ಮ ಗಡಿಯ ಹೊರಗಿನ ಗುಡ್ಡವನ್ನೂ ನೋಡಬೇಕು ಅನ್ನುವುದು ಇದಕ್ಕೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ನಕ್ಷೆ ಆನ್‌ಲೈನ್ ಸಿಗುತ್ತದೆ.

ಬಾವಿ: ಮೇ ತಿಂಗಳ ಪರೀಕ್ಷೆ

ದಡದ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತದೆ. ಮೇಲಿನಿಂದ ಜಾಸ್ತಿ ಎಳೆದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ. ಸುತ್ತ ನಾಲ್ಕು ರೆಸಾರ್ಟ್ ಬಂದು ಬೋರ್‌ವೆಲ್ ಹಾಕಿದರೆ ನಿಮ್ಮ ಬಾವಿ ನೀವು ಏನೂ ಮಾಡದೆಯೇ ಉಪ್ಪಾಗುತ್ತದೆ. ಹೊಳೆ ದಡದಲ್ಲೂ ಅಷ್ಟೇ, ಮಾರ್ಚ್ ನಂತರ ಹರಿವು ಕಡಿಮೆಯಾದಾಗ ಉಬ್ಬರದ ನೀರು ಮೇಲಕ್ಕೆ ಬರುತ್ತದೆ. ಹತ್ತಿರ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಇದ್ದರೆ ಅದಕ್ಕೆ ಹಲಗೆ ಹಾಕುತ್ತಿದ್ದಾರಾ, ಸೋರುತ್ತಿದೆಯಾ ವಿಚಾರಿಸಿ.

ಮೇ ತಿಂಗಳಲ್ಲಿ, ಮೊದಲ ಮಳೆ ಬೀಳುವ ಮೊದಲು ಹೋಗಿ. ಪಂಪ್ ಅರ್ಧ ಗಂಟೆ ಓಡಿಸಿದ ಮೇಲೆ ನೀರು ಹಿಡಿಯಿರಿ. ಪ್ರಯೋಗಾಲಯದಲ್ಲಿ ಕ್ಲೋರೈಡ್ (ಉಪ್ಪಿನ ಅಂಶ), ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಗಳು), ಕಬ್ಬಿಣ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ, ಟಿಡಿಎಸ್ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1,000 ಮತ್ತು 2,000ದವರೆಗೆ ಒಪ್ಪುತ್ತಾರೆ. ಪಕ್ಕದ ಎರಡು ಬಾವಿಗಳ ನೀರನ್ನೂ ಪರೀಕ್ಷಿಸಿ. ಜುಲೈಯಲ್ಲಿ ಮತ್ತೊಮ್ಮೆ ಮಾದರಿ ತೆಗೆದು ಮಲದಿಂದ ಬರುವ ಇ ಕೋಲಿ ಬ್ಯಾಕ್ಟೀರಿಯಾ ಇದೆಯಾ ನೋಡಿಸಿ, ಯಾಕೆಂದರೆ ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದು ಶೌಚದ ಗುಂಡಿಯೂ ಬಾವಿಯೂ ಒಂದಾಗುವ ಜಾಗಗಳು ತಗ್ಗಿನಲ್ಲಿ ತುಂಬಾ ಇವೆ.

ಕಟ್ಟಡದ ಮೈ

ಉಪ್ಪಿನ ಗಾಳಿ ಸಿಮೆಂಟಿನ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಹೊಸ ಪೇಂಟ್ ಹೊಡೆದ ಮನೆಯಲ್ಲಿ ಸ್ಲ್ಯಾಬಿನ ಅಡಿಭಾಗ, ಬಿಸಿಲು ಮಳೆ ತಡೆಯುವ ಸಜ್ಜಾ, ನೀರಿನ ಟ್ಯಾಂಕಿನ ಕೆಳಗೆ ನೋಡಿ. ಸರಳಿನ ಸಾಲಿಗೆ ಸರಿಯಾಗಿ ಬಿರುಕು, ಕಂದು ಕಲೆ, ಉದುರಿದ ಸಿಮೆಂಟ್ ಇದ್ದರೆ ಒಳಗೆ ತುಕ್ಕು ಹಿಡಿದಿದೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಟೊಳ್ಳು ಶಬ್ದ ಬರುವ ಕಡೆ ಗುರುತು ಹಾಕಿ. ಹೊಸದಾಗಿ ಕಟ್ಟುವವರಾದರೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿಯ ಗಾಳಿಗೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ, ಕಡಲಿನ ತುಂತುರು ನೇರವಾಗಿ ಬೀಳುವ ಕಡೆ ಎಂ35 ಮತ್ತು 50 ಮಿಲಿಮೀಟರ್ ಬೇಕು. ಕಡಲ ಹೊಯಿಗೆಯನ್ನು (ಮರಳನ್ನು) ಕಾಂಕ್ರೀಟಿಗೆ ಹಾಕಿದ್ದಾರಾ ಅಂತ ಕಟ್ಟಿದ ಮೇಸ್ತ್ರಿಯನ್ನೇ ಹುಡುಕಿ ಕೇಳಿ.

ಸುತ್ತ ಒಂದೆರಡು ಕಿಲೋಮೀಟರ್ ಓಡಾಡಿ ಬನ್ನಿ, ರಾತ್ರಿಯೂ. ಮೀನೆಣ್ಣೆ ಘಟಕದ ವಾಸನೆ ಗಾಳಿ ತಿರುಗಿದಾಗ ಮಾತ್ರ ಬರುತ್ತದೆ. ಮೇಲ್ಬದಿಯಲ್ಲಿ ಕಸದ ರಾಶಿ ಇದೆಯಾ ನೋಡಿ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂತು.

ವಿಮೆ, ಬೆಲೆ, ಕರಾರು

ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಮನೆ ವಿಮೆಯನ್ನು 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುತ್ತವೆ. ಚಂಡಮಾರುತ, ನೆರೆ, ಭೂಕುಸಿತ ಅದರಲ್ಲಿ ಬರುತ್ತದೆ. ಆದರೆ ನೆಲ ಕುಸಿತದ ಭಾಗವನ್ನು ಸರಿಯಾಗಿ ಓದಿ. ಕಡಲು ಅಥವಾ ಹೊಳೆಯ ಕೊರೆತ, ತುಂಬಿಸಿದ ಮಣ್ಣು ಕುಸಿಯುವುದು ಅದರಲ್ಲಿ ಸೇರಿಲ್ಲ. ಹಣ ಸಿಗುವುದೂ ಕಟ್ಟಡಕ್ಕೆ, ಜಾಗಕ್ಕೆ ಅಲ್ಲ. ಕಡಲಿಗೆ ಹೋದ ಐದು ಸೆಂಟ್ಸ್ ಹೋಯಿತು ಅಷ್ಟೇ.

ಉಪ್ಪು ಬಾವಿ, ತುಕ್ಕು ಹಿಡಿದ ಸಜ್ಜಾ, ತಗ್ಗಿನ ಅಂಗಳ ಇವಕ್ಕೆ ರಿಪೇರಿ ಖರ್ಚು ಎಷ್ಟು ಅಂತ ಬರೆಸಿಕೊಂಡು ಬೆಲೆ ಇಳಿಸಲು ಕೇಳಬಹುದು. ಸರಿಯುವ ಅಳಿವೆಯ ದಿಬ್ಬ, ಗೋಡೆಯ ತುದಿಯಲ್ಲಿ ಕೊರೆಯುತ್ತಿರುವ ದಡ, ತುಂಬಿಸಿದ ಗಜನಿ, ಕಡಿದ ಶೇಡಿ ಗುಡ್ಡದ ಬುಡ, ಸಿಆರ್‌ಝಡ್ ಉಲ್ಲಂಘನೆ, ಈ ಐದಕ್ಕೆ ಬೆಲೆ ಇಳಿಸಿದರೂ ಬೇಡ.

ಮಾರುವವರಿಗೆ ಅರ್ಜೆಂಟ್ ಇದ್ದು ನಿಮಗೆ ಜಾಗ ಬಿಡಲು ಮನಸ್ಸಿಲ್ಲ ಅಂದರೆ, ಸಣ್ಣ ಮೊತ್ತದ ಅಡ್ವಾನ್ಸಿಗೆ ಕರಾರು ಪತ್ರ ಮಾಡಿಸಿ, ಮುಂದಿನ ಆಗಸ್ಟ್ ಕೊನೆಯವರೆಗೆ ಅವಧಿ ಇಡಿ. ಸಿಆರ್‌ಝಡ್ ಕಚೇರಿಯ ಬರಹದ ಉತ್ತರ ವಿರುದ್ಧ ಬಂದರೆ, ಮೇ ತಿಂಗಳ ನೀರಿನ ಪರೀಕ್ಷೆ ಮಿತಿ ದಾಟಿದರೆ, ಆ ಮಳೆಗಾಲದಲ್ಲಿ ಪಂಚಾಂಗಕ್ಕೆ ನೀರು ಮುಟ್ಟಿದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ವಕೀಲರಿಂದ ಸ್ಪಷ್ಟವಾಗಿ ಬರೆಸಿ. ಈ ಷರತ್ತಿಗೆ ಒಪ್ಪದವರ ಜೊತೆ ಮಾತು ಮುಂದುವರಿಸಬೇಡಿ.